ಕಂಪ್ಯೂಟರ್‌ನಿಂದ ಟಿವಿಗೆ ಕಾಸ್ಟ್ ಮಾಡಿದರೆ ವಿಡಿಯೋ ತಡವರಿಸುತ್ತೆ, ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಸರಿಹೋಗುತ್ತಾ?

ಕಾರ್ಡಿಗೆ ದುಡ್ಡು ಹಾಕುವ ಮೊದಲು ಸ್ವಲ್ಪ ನಿಲ್ಲಿ. ವೈರ್ ಇಲ್ಲದೆ ಪರದೆಯನ್ನು ಟಿವಿಗೆ ಕಳಿಸುವಾಗ ಕಂಪ್ಯೂಟರ್ ಪ್ರತಿ ಫ್ರೇಮನ್ನೂ ಆ ಕ್ಷಣದಲ್ಲೇ ಕುಗ್ಗಿಸಿ ಕಳಿಸಬೇಕು, ಟಿವಿ ಅದನ್ನು ಮತ್ತೆ ಬಿಡಿಸಬೇಕು. ಕುಗ್ಗಿಸುವುದಕ್ಕೆಂದೇ ಇರುವ ಭಾಗ ಇಂಟೆಲ್ ಚಿಪ್‌ಗಳಲ್ಲಿ 2011ರಿಂದ, ಎನ್ವಿಡಿಯಾ ಕಾರ್ಡ್‌ಗಳಲ್ಲಿ 2012ರಿಂದ ಬರುತ್ತಿದೆ. 1080ಪಿ ಸಿನಿಮಾಗೆ ಹಳೆಯದೇ ಸಾಕು.

ತೊಂದರೆ ಜಾಸ್ತಿ ಇರುವುದು ವೈಫೈನಲ್ಲಿ. ನಮ್ಮ ಬಿಟಿಎಂ ಲೇಔಟ್ ಮನೆಯಲ್ಲಿ ವೈಫೈ ಪಟ್ಟಿ ತೆರೆದರೆ ಅಕ್ಕಪಕ್ಕದವರ ಇಪ್ಪತ್ತು ಹೆಸರು ಕಾಣುತ್ತವೆ, ಹೆಚ್ಚಿನವು 2.4 ಗಿಗಾಹರ್ಟ್ಸ್‌ನಲ್ಲೇ, ಆ ಬ್ಯಾಂಡಿನಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಇರುವುದೇ ಮೂರು. ನಾನು ಟಿವಿಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ, ರೌಟರಿನಿಂದ ಕಂಪ್ಯೂಟರಿಗೆ ಒಂದು ಕೇಬಲ್ ಎಳೆದೆ. ತಡವರಿಕೆ ನಿಂತೇಹೋಯಿತು.

ಹೊಸ ಕಾರ್ಡಿನ ನಿಜವಾದ ಲಾಭ ಎವಿ1, ಅಂದರೆ ವಿಡಿಯೋ ಕುಗ್ಗಿಸುವ ಒಂದು ಹೊಸ ವಿಧಾನ. ಎನ್ವಿಡಿಯಾದ ಆರ್‌ಟಿಎಕ್ಸ್ 40 ಸರಣಿ, ಇಂಟೆಲ್ ಆರ್ಕ್ ಕಾರ್ಡ್‌ಗಳು ಎರಡೂ ಅದರಲ್ಲಿ ಎನ್‌ಕೋಡ್ ಮಾಡುತ್ತವೆ (ಕುಗ್ಗಿಸುತ್ತವೆ), ಅದೇ ಗುಣಮಟ್ಟಕ್ಕೆ ಕಡಿಮೆ ಡೇಟಾ ಸಾಕು. ಆದರೆ ಟಿವಿಗೂ, ಕಳಿಸುವ ಆಪ್‌ಗೂ ಎವಿ1 ಗೊತ್ತಿರಬೇಕು ಅಲ್ವಾ? ವೈರ್ ಇಲ್ಲದೆ ಪರದೆಯನ್ನು ಟಿವಿಗೆ ಕಳಿಸುವ ಮಿರಾಕಾಸ್ಟ್‌ನಲ್ಲಿ ಸಾಮಾನ್ಯವಾಗಿ ಹೋಗುವುದು ಎಚ್.264 ಅನ್ನುವ ಹಳೆಯ ವಿಧಾನ, ಅಲ್ಲಿ ಇದು ಉಪಯೋಗಕ್ಕೆ ಬರಲ್ಲ. 4ಕೆ ಗೇಮ್ ಆಡುವುದಾದರೆ ಸುಮ್ನೆ ಎಚ್‌ಡಿಎಂಐ ಕೇಬಲ್ ಹಾಕಿ.