"ನೋಡುವಾಗ ಎಲ್ಲಾ ಅರ್ಥ ಆಗುತ್ತೆ ಮೇಡಂ"

ಫೋನಿನಲ್ಲಿ ಪಾಠದ ವಿಡಿಯೋ ನೋಡುವ ಎಷ್ಟೋ ಮಕ್ಕಳ ಬಾಯಲ್ಲಿ ಈಚೆಗೆ ಈ ಮಾತು ಬರುತ್ತಿದೆ. ಅದಕ್ಕೇ ಒಂದು ಪ್ರಕರಣವನ್ನು, ಗುರುತು ಸಿಗದ ಹಾಗೆ, ಬರೆಯುತ್ತಿದ್ದೇನೆ.

16 ವರ್ಷದ ಹುಡುಗಿ. ಅಂಕ ಇಳಿದಿತ್ತು. "ಮೂರು ಹೊತ್ತೂ ಇನ್‌ಸ್ಟಾಗ್ರಾಮ್" ಅನ್ನುವುದು ಅಪ್ಪನ ದೂರು. ಆ ಮಾತಿಗೆ ಅವಳಿಗೆ ಅಳುವೇ ಬರುತ್ತಿತ್ತು. ಅವಳು ನೋಡುತ್ತಿದ್ದ ರೀಲ್ಸ್‌ನಲ್ಲಿ ಪಾಠದವೇ ಜಾಸ್ತಿ. ಸುಳ್ಳು ಹೇಳುವ ಹುಡುಗಿ ಅಲ್ಲ.

"ನಿನ್ನೆ ಯಾವುದು ನೋಡಿದೆ?" ಅಂತ ಕೇಳಿದೆ. "ದ್ಯುತಿಸಂಶ್ಲೇಷಣೆ. ನೋಡುವಾಗ ಎಲ್ಲಾ ಅರ್ಥ ಆಗುತ್ತೆ ಮೇಡಂ." ಒಂದು ಖಾಲಿ ಹಾಳೆ ಕೊಟ್ಟು, ನೆನಪಿದ್ದಷ್ಟು ಬರಿ, ತಪ್ಪಾದರೂ ಪರವಾಗಿಲ್ಲ ಅಂದೆ. ಬಿಸಿಲು, ನೀರು, ಹಸಿರೆಲೆ ಅಂತ ಬರೆದಳು. ಅಲ್ಲಿಗೆ ಪೆನ್ನು ನಿಂತಿತು. ಗಾಳಿ ಎಲೆಯೊಳಗೆ ಹೋಗುವುದು ಎಲ್ಲಿಂದ, ಆಮ್ಲಜನಕ ಬರುವುದು ಯಾವುದರಿಂದ, ಒಂದೂ ಬರಲಿಲ್ಲ. "ಹಾಗಾದ್ರೆ ಇಷ್ಟು ದಿನ ನಾನು ಓದೇ ಇಲ್ವಾ?"

ಆ ಪ್ರಶ್ನೆಗೆ ನಿಜವನ್ನೇ ಹೇಳಬೇಕಿತ್ತು. ಅರ್ಥವಾಗಿದ್ದು ಸುಳ್ಳಲ್ಲ, ಆದರೆ ಅದು ನೆನಪಲ್ಲಿ ನಿಲ್ಲುವ ಮೊದಲೇ ಮುಂದಿನ ವಿಡಿಯೋ ಬಂದಿತ್ತು ಅಂದೆ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದ ಬಗ್ಗೆಯೂ ಹೇಳಿದೆ. 5 ನಿಮಿಷ ಬಿಟ್ಟು ಪರೀಕ್ಷಿಸಿದಾಗ ಪಾಠವನ್ನು ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಮುಂದಿದ್ದವರು, ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು.

ಪರೀಕ್ಷೆ ಮುಗಿಯುವವರೆಗೆ ಫೋನ್ ಬೀಗ ಹಾಕಿಡುತ್ತೇನೆ ಅಂದರು ಅಪ್ಪ. ನಾನು ಒಪ್ಪಲಿಲ್ಲ. ಇದು ಸಡಿಲ ಸಲಹೆ ಅನ್ನುವವರಿದ್ದಾರೆ. ಆದರೆ ಕಸಿದುಕೊಂಡರೆ ಮಗು ಕಲಿಯುವುದು ಬಚ್ಚಿಡುವುದನ್ನು. ತನಗೆ ಏನು ಬಂದಿಲ್ಲ ಅನ್ನುವುದು ಅವಳಿಗೇ ಕಾಣಬೇಕು, ಅಲ್ವಾ? ಅದಕ್ಕೆ ಪಾಠದ ವಿಡಿಯೋ ಒಂದು ಮುಗಿದ ತಕ್ಷಣ ಫೋನ್ ಪಕ್ಕದ ಕೋಣೆಗೆ ಹೋಗಲಿ, ನೆನಪಿನಿಂದ ಬರೆಯಲಿ, ಪುಸ್ತಕದ ಜೊತೆ ಹೋಲಿಸಲಿ, ಆಮೇಲಷ್ಟೇ ಇನ್ನೊಂದು ಅಂದೆ.

ರಾತ್ರಿಯ ವಿಷಯದಲ್ಲಿ ಮಾತ್ರ ನಾನು ಬಿಗಿ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಹಗಲು ಕಲಿತದ್ದು ಗಟ್ಟಿಯಾಗುವುದಕ್ಕೂ ಆ ನಿದ್ದೆ ಬೇಕು. ಮಲಗುವ ಕೋಣೆಯಲ್ಲಿ ಯಾರ ಫೋನೂ ಬೇಡ ಅಂದೆ.

"ನನ್ನದೂನಾ?" ಅಂದರು ಅಪ್ಪ. ಹೌದು, ನಿಮ್ಮದೂ ಅಂದೆ. ಸ್ವಲ್ಪ ಕಸಿವಿಸಿಯಾದರೂ ಒಪ್ಪಿದರು.

ಅಂಕ ಇನ್ನೂ ಅಷ್ಟೇನೂ ಏರಿಲ್ಲ. ಆದರೆ ಯಾವ ಪಾಠದಲ್ಲಿ ಎಲ್ಲಿ ಸಿಕ್ಕಿಕೊಂಡಿದ್ದೇನೆ ಅಂತ ಈಗ ಅವಳೇ ಶಿಕ್ಷಕರ ಹತ್ತಿರ ಹೋಗಿ ಕೇಳುತ್ತಾಳೆ.