ಹೌನ್ಸ್‌ಲೋ ವೆಸ್ಟ್‌ನಲ್ಲಿ ರೂಮ್ ಸಿಕ್ಕಿದೆ ಅಂದವರಿಗೆ

ಹೌನ್ಸ್‌ಲೋ ವೆಸ್ಟ್ ಸ್ಟೇಷನ್ ಹತ್ತಿರ ರೂಮ್ ಸಿಕ್ಕಿದೆ, ಅದು ಲಂಡನ್ನಾ ಇಲ್ಲ ಏರ್‌ಪೋರ್ಟಿನ ಹಿತ್ತಿಲಾ, ಹೊಸಬರು ಅಲ್ಲಿ ಇರೋಕಾಗುತ್ತಾ ಅಂತ ಕೇಳಿದ್ದೀರಿ. ಧೈರ್ಯವಾಗಿ ಬನ್ನಿ. ನಾನು ಇಲ್ಲಿಗೆ ಬಂದು ಹದಿನಾಲ್ಕು ವರ್ಷ ಆಯ್ತು.

ಈ ಊರಿನ ಕಥೆ ಗೊತ್ತಾಗಬೇಕಾದರೆ ಸ್ಟೇಷನ್ ನೋಡಬೇಕು. 1884ರಲ್ಲಿ ರೈಲು ಬಂದಾಗ ಹತ್ತಿರ ಇದ್ದದ್ದು ಕುದುರೆ ಸೈನ್ಯದ ಠಾಣೆ, ಅದಕ್ಕೇ ಸ್ಟೇಷನ್ನಿಗೆ ಹೌನ್ಸ್‌ಲೋ ಬ್ಯಾರಕ್ಸ್ ಅಂತ ಹೆಸರು. 1925ರಲ್ಲಿ ಹೌನ್ಸ್‌ಲೋ ವೆಸ್ಟ್ ಅಂತ ಹೆಸರು ಬದಲಾಯ್ತು. 1931ರಲ್ಲಿ ಹೊಸ ಕಟ್ಟಡ ಬಂತು, ಚಾರ್ಲ್ಸ್ ಹೋಲ್ಡನ್ ಮತ್ತು ಸ್ಟ್ಯಾನ್ಲಿ ಹೀಪ್ಸ್ ಅನ್ನೋ ವಾಸ್ತುಶಿಲ್ಪಿಗಳು ಸೇರಿ ಮಾಡಿದ್ದು. ಟಿಕೆಟ್ ಹಾಲಿಗೆ ಏಳು ಮೂಲೆ. ಒಳಗೆ ಕಾಲಿಟ್ಟು ಒಂದು ಸಲ ತಲೆ ಎತ್ತಿ ನೋಡಿ, ಅಷ್ಟು ಎತ್ತರ, ಗೋಡೆಯಲ್ಲಿ ಬಣ್ಣದ ಟೈಲ್ಸ್. ನನಗೆ ಲಂಡನ್ನಿನ ದೊಡ್ಡ ಸ್ಟೇಷನ್‌ಗಳಿಗಿಂತ ಇದೇ ಇಷ್ಟ. ಸುಮಾರು ತೊಂಬತ್ತು ವರ್ಷ ರೈಲು ಇಲ್ಲಿಗೇ ಮುಗಿಯುತ್ತಿತ್ತು. ಆಮೇಲೆ ಹೀಥ್ರೋ ಏರ್‌ಪೋರ್ಟ್ ಕಡೆಗೆ ಹಳಿ ಎಳೆಯಬೇಕಾದಾಗ ಹಳೆಯ ಪ್ಲಾಟ್‌ಫಾರ್ಮ್ ಇದ್ದ ದಿಕ್ಕು ಸರಿಹೋಗಲಿಲ್ಲ, ಹಾಗಾಗಿ ಪಕ್ಕದಲ್ಲೇ ನೆಲ ಅಗೆದು, ಹೊಸ ಪ್ಲಾಟ್‌ಫಾರ್ಮ್ ಮಾಡಿ, ಮೇಲೆ ಮುಚ್ಚಿ, ಹಳೆಯ ಹಾಲಿಗೆ ಉದ್ದನೆಯ ದಾರಿ ಜೋಡಿಸಿದರು. ಅದು 1975. ರೈಲು ಏರ್‌ಪೋರ್ಟ್ ಒಳಗೆ ಹೋದದ್ದು 1977ರಲ್ಲಿ. ಈಗಲೂ ರೈಲಿಳಿದು ಹೊರಗೆ ಬರೋದಕ್ಕೆ ಆ ದಾರಿ ಪೂರ್ತಿ ನಡೆಯಬೇಕು, ಸೂಟ್‌ಕೇಸ್ ಇದ್ದರೆ ಇನ್ನೂ ಉದ್ದ ಅನ್ನಿಸುತ್ತೆ.

ವಿಮಾನದ ಗಲಾಟೆ ಇದೆ, ಸುಳ್ಳು ಹೇಳಲ್ಲ. ಆದರೆ ಪಶ್ಚಿಮದ ಗಾಳಿ ಇದ್ದಾಗ ಮಧ್ಯಾಹ್ನ 3 ಗಂಟೆಗೆ ಇಳಿಯುವ ರನ್‌ವೇ ಬದಲಾಯಿಸುತ್ತಾರೆ, ಹಾಗಾಗಿ ದಿನವಿಡೀ ಒಂದೇ ಬೀದಿಯ ಮೇಲೆ ಸದ್ದು ಇರಲ್ಲ. ರೂಮ್ ನೋಡೋಕೆ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಹೋಗಿ. ವಿಮಾನಕ್ಕೂ ಈ ಜಾಗಕ್ಕೂ ನಂಟು ಹಳೆಯದು. 1919ರ ಆಗಸ್ಟ್ 25ರಂದು ಪ್ಯಾರಿಸ್ಸಿಗೆ ದಿನಾ ಹೋಗುವ ವಿಮಾನ ಶುರುವಾದದ್ದು ಇಲ್ಲಿನ ಹೌನ್ಸ್‌ಲೋ ಹೀತ್ ಬಯಲಿನಿಂದಲೇ.

ಅದೇ ಬಯಲಲ್ಲಿ 1784ರಲ್ಲಿ ವಿಲಿಯಂ ರಾಯ್ ಅನ್ನೋ ಸೇನಾ ಸರ್ವೇಯರ್, ನಕ್ಷೆ ಮಾಡೋಕೆ ಆಧಾರವಾಗಿ, ಐದು ಮೈಲಿಗೂ ಜಾಸ್ತಿ ಉದ್ದದ ಸರ್ವೇ ಗೆರೆ ಅಳೆದ. ಅದರ ಒಂದು ತುದಿಗೆ ಗುರುತಾಗಿ ಹೂಳಿದ ಫಿರಂಗಿ ಹೀಥ್ರೋ ಬದಿಯ ರಸ್ತೆಯಲ್ಲಿದೆ. ಇದೇ ತರಹದ ಗೆರೆಯನ್ನು 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಅನ್ನೋ ಬ್ರಿಟಿಷ್ ಸರ್ವೇಯರ್ ನಮ್ಮ ಬೆಂಗಳೂರಲ್ಲಿ ಅಳೆದ. ಬಂದ ಹೊಸದರಲ್ಲಿ, ಊರು ನೆನಪಾಗಿ ಬೇಜಾರಾದ ಒಂದು ಭಾನುವಾರ, ಆ ಫಿರಂಗಿ ಮುಟ್ಟಿ ತುಂಬ ಹೊತ್ತು ನಿಂತಿದ್ದೆ.

ಊಟದ ಚಿಂತೆ ಬೇಡ. ಪಂಜಾಬಿ ಅಂಗಡಿಗಳಲ್ಲಿ ಬೇಳೆ, ಕರಿಬೇವು ಎಲ್ಲ ಸಿಗುತ್ತೆ. ಬ್ಯಾಡಗಿ ಮೆಣಸಿನಕಾಯಿ, ಸಾರಿನ ಪುಡಿ ಮಾತ್ರ ಮನೆಯಿಂದ ತನ್ನಿ. ಇಲ್ಲಿನ ಟ್ಯೂಬ್ (ಲಂಡನ್ ಮೆಟ್ರೊ) ಪಿಕಡಿಲಿ ಲೈನಲ್ಲಿ ಲಂಡನ್ ಮಧ್ಯಕ್ಕೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ, ಟಿಕೆಟ್ ದರದ ಲೆಕ್ಕದಲ್ಲಿ ಇದು ಝೋನ್ 5.

ಹೀಥ್ರೋದ ಟರ್ಮಿನಲ್ 2 ಅಥವಾ 3ರಲ್ಲಿ ಇಳಿದರೆ ಟ್ಯೂಬಲ್ಲಿ ಎರಡನೇ ಸ್ಟಾಪ್, ಹ್ಯಾಟನ್ ಕ್ರಾಸ್ ಆದಮೇಲೆ. ಬರುವ ದಿನ ತಿಳಿಸಿ, ಆ ಏಳು ಮೂಲೆ ಹಾಲಲ್ಲಿ ಕಾಯುತ್ತಿರುತ್ತೇನೆ.