ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಎಸ್‌ಎಸ್‌ಡಿ ಸರ್ವರ್‌ಗೆ ರೇಡ್ ಕಾರ್ಡ್ ಬೇಕೇ?

ಪ್ರಶ್ನೆ: ನಮ್ಮ ಸಹಕಾರ ಸಂಘದ ಲೆಕ್ಕಪತ್ರದ ಡೇಟಾಬೇಸ್‌ಗಾಗಿ ಹೊಸ ಲಿನಕ್ಸ್ ಸರ್ವರ್ ಕೊಳ್ಳುತ್ತಿದ್ದೇವೆ. ಎರಡು ಎನ್‌ವಿಎಂಇ ಎಸ್‌ಎಸ್‌ಡಿಗಳನ್ನು (ವೇಗದ ಫ್ಲ್ಯಾಶ್ ಡ್ರೈವ್‌ಗಳನ್ನು) ರೇಡ್ 1ರಲ್ಲಿ, ಅಂದರೆ ಒಂದೇ ಡೇಟಾ ಎರಡರಲ್ಲೂ ಇರುವಂತೆ ಜೋಡಿಸಬೇಕೆಂದಿದೆ. ಈ ಜೋಡಣೆಯನ್ನು ತಾನೇ ನೋಡಿಕೊಳ್ಳುವ ಹಾರ್ಡ್‌ವೇರ್ ರೇಡ್ ಕಾರ್ಡ್ ಇಲ್ಲದಿದ್ದರೆ ವೇಗವೂ ಇಲ್ಲ, ಭದ್ರತೆಯೂ ಇಲ್ಲ ಎಂದು ಮಾರಾಟಗಾರರು ಹೇಳುತ್ತಾರೆ. ಇದು ನಿಜವೇ?

ಉತ್ತರ: ನಿಜವಲ್ಲ. ಲಿನಕ್ಸ್‌ನಲ್ಲೇ ಇರುವ ಸಾಫ್ಟ್‌ವೇರ್ ರೇಡ್ ಸಾಕು. ಕಾರ್ಡಿನ ಹಣವನ್ನು ಉಳಿಸಿ, ಅದನ್ನು ಒಳ್ಳೆಯ ಡ್ರೈವ್‌ಗಳಿಗೆ ಹಾಕಿ. ಊರು ಮಾತ್ರ ಬದಲಾಗಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಸಲ ವಿವರವಾಗಿಯೇ ಉತ್ತರಿಸುತ್ತೇನೆ.

ಮಾರಾಟಗಾರರ ಮಾತು ತಿರುಗುವ ಹಾರ್ಡ್ ಡಿಸ್ಕ್‌ಗಳ ಕಾಲಕ್ಕೆ ಸಲ್ಲುತ್ತಿತ್ತು. ಅಂಥ ಡಿಸ್ಕ್ ಸೆಕೆಂಡಿಗೆ ಹೆಚ್ಚೆಂದರೆ 200ರಷ್ಟು ಬಿಡಿ ಬರಹಗಳನ್ನು ಮಾಡಬಲ್ಲದು. ಬ್ಯಾಟರಿ ಬೆಂಬಲವಿದ್ದ ಕಾರ್ಡಿನ ಕ್ಯಾಶ್ (ತಾತ್ಕಾಲಿಕ ಮೆಮೊರಿ) ಆ ಬರಹಗಳನ್ನು ತಾನೇ ಹಿಡಿದುಕೊಂಡು, ಬರೆದಾಯಿತು ಎಂದು ಡೇಟಾಬೇಸ್‌ಗೆ ಕೂಡಲೇ ಉತ್ತರ ಕೊಡುತ್ತಿದ್ದುದರಿಂದ ಕಾರ್ಡಿಗೆ ಬೆಲೆಯಿತ್ತು. ಇಂದು ಸರ್ವರ್‌ಗೆಂದೇ ತಯಾರಾದ ಎಸ್‌ಎಸ್‌ಡಿಯ ಒಳಗೇ ಆ ಏರ್ಪಾಡು ಇದೆ. ವಿದ್ಯುತ್ ಹೋದರೂ ಕ್ಯಾಶ್‌ನಲ್ಲಿ ಉಳಿದಿದ್ದನ್ನು ಫ್ಲ್ಯಾಶ್‌ಗೆ ಇಳಿಸುವಷ್ಟು ಶಕ್ತಿಯನ್ನು ಅದರ ಕೆಪಾಸಿಟರ್‌ಗಳು ಕೂಡಿಟ್ಟುಕೊಂಡಿರುತ್ತವೆ. ಇನ್ನು ವೇಗದ ಮಾತು. ಡ್ರೈವ್ ಮತ್ತು ಕಾರ್ಡ್‌ಗಳನ್ನು ಪ್ರೊಸೆಸರ್‌ಗೆ ಜೋಡಿಸುವ ದಾರಿಯೇ ಪಿಸಿಐಇ. ಅದರ ನಾಲ್ಕನೇ ಪೀಳಿಗೆಯಲ್ಲಿ ನಾಲ್ಕು ಲೇನ್ (ಸಾಲು) ಬಳಸುವ ಒಂದೊಂದು ಡ್ರೈವ್ ಸೆಕೆಂಡಿಗೆ ಸುಮಾರು 7 ಗಿಗಾಬೈಟ್ ಓದಬಲ್ಲದು. ಅದೇ ಪೀಳಿಗೆಯ ಎಂಟು ಲೇನ್‌ಗಳ ಕಾರ್ಡ್ 16 ಗಿಗಾಬೈಟ್‌ಗೂ ಕಡಿಮೆ ಸಾಗಿಸುವುದರಿಂದ, ಎರಡೇ ಡ್ರೈವ್‌ಗಳಿಗೆ ಆ ದಾರಿ ಹೆಚ್ಚುಕಡಿಮೆ ತುಂಬಿಹೋಗುತ್ತದೆ. ರೇಡ್ 1ರಲ್ಲಿ ಪ್ಯಾರಿಟಿಯ (ಕಳೆದ ಡೇಟಾ ಮರಳಿ ಪಡೆಯಲು ಬೇಕಾದ ಹೆಚ್ಚುವರಿ ಮಾಹಿತಿಯ) ಲೆಕ್ಕವಿಲ್ಲ, ಒಂದೇ ಬರಹವನ್ನು ಎರಡು ಕಡೆಗೆ ಕಳಿಸುವುದಷ್ಟೇ ಕೆಲಸ. ಪ್ರೊಸೆಸರ್‌ಗೆ ಅದು ಹೊರೆಯೇ ಅಲ್ಲ.

ಭದ್ರತೆಯ ವಿಷಯದಲ್ಲಿ ನನಗೆ ಸ್ವಂತ ಅನುಭವದಿಂದ ಬಂದ ಭಯವಿದೆ. ಹಿಂದೆ ನಾನು ನೋಡಿಕೊಳ್ಳುತ್ತಿದ್ದ ಒಂದು ಕಚೇರಿಯಲ್ಲಿ ಡ್ರೈವ್‌ಗಳೆಲ್ಲ ಸರಿಯಿದ್ದು ಕಾರ್ಡ್ ಮಾತ್ರ ಕೆಟ್ಟಿತು. ಆ ಮಾದರಿಯ ತಯಾರಿಕೆ ನಿಂತು ಹೋಗಿತ್ತು. ಕಣ್ಣೆದುರಿಗೆ ಡೇಟಾ ಇದ್ದರೂ, ಹೊಂದುವ ಹಳೆಯ ಕಾರ್ಡ್ ಸಿಗುವವರೆಗೆ ಒಂಬತ್ತು ದಿನ ಕೈಕಟ್ಟಿ ಕುಳಿತೆವು. ಲಿನಕ್ಸ್‌ನ ಸಾಫ್ಟ್‌ವೇರ್ ರೇಡ್ ಆದ ಎಂಡಿ ರೇಡ್ ತನ್ನ ವಿನ್ಯಾಸದ ವಿವರವನ್ನು ಡ್ರೈವ್‌ಗಳ ಮೇಲೆಯೇ ಬರೆದಿಡುತ್ತದೆ. ಸರ್ವರ್ ಸುಟ್ಟರೂ ಡ್ರೈವ್‌ಗಳನ್ನು ಕಳಚಿ ಇನ್ನೊಂದು ಲಿನಕ್ಸ್ ಯಂತ್ರಕ್ಕೆ ಹಾಕಿದರೆ ಅಲ್ಲಿಯೇ ಜೋಡಿಸಿಕೊಳ್ಳಬಹುದು. ಅಲ್ಲದೆ, ಯಾವ ಜಾಗ ಈಗ ಬೇಕಿಲ್ಲವೆಂದು ಎಸ್‌ಎಸ್‌ಡಿಗೆ ತಿಳಿಸುವ ಟ್ರಿಮ್ ಆದೇಶವನ್ನು ಎಷ್ಟೋ ಕಾರ್ಡ್‌ಗಳು ಡ್ರೈವ್‌ವರೆಗೆ ತಲುಪಿಸುವುದೇ ಇಲ್ಲ.

ಮಾರಾಟಗಾರರನ್ನು ನೀವು ಕೇಳಬೇಕಾದದ್ದು, ಈ ಎಸ್‌ಎಸ್‌ಡಿಯಲ್ಲಿ ಪವರ್ ಲಾಸ್ ಪ್ರೊಟೆಕ್ಷನ್ (ಮೇಲೆ ಹೇಳಿದ ಕೆಪಾಸಿಟರ್ ರಕ್ಷಣೆ) ಇದೆಯೇ ಎಂದು. ಉತ್ತರವನ್ನು ಬರಹದಲ್ಲೇ ಪಡೆಯಿರಿ. ಲ್ಯಾಪ್‌ಟಾಪಿಗೆ ಹಾಕುವ ಅಗ್ಗದ ಡ್ರೈವ್‌ಗಳನ್ನು ಸರ್ವರ್‌ನೊಳಗೆ ಕೂರಿಸಿ ರೇಡ್ ಮಾಡಿಕೊಡುವವರಿದ್ದಾರೆ. ಅವರಿಂದ ದೂರವಿರಿ.

ಇನ್ನೊಂದು ಅಪಾಯವನ್ನು ಯಾರೂ ಕೇಳುವುದಿಲ್ಲವಾದರೂ ನಾನೇ ಹೇಳುತ್ತೇನೆ. 2019ರ ನವೆಂಬರ್‌ನಲ್ಲಿ ಎಚ್‌ಪಿಇ ಕಂಪನಿಯು ತನ್ನ ಕೆಲವು ಎಸ್‌ಎಎಸ್ (ಸರ್ವರ್‌ಗಳಲ್ಲಿ ಬಳಸುವ ಇನ್ನೊಂದು ಬಗೆಯ ಜೋಡಣೆಯ) ಎಸ್‌ಎಸ್‌ಡಿಗಳು ಫರ್ಮ್‌ವೇರ್ (ಡ್ರೈವಿನೊಳಗಿನ ತಂತ್ರಾಂಶ) ದೋಷದಿಂದಾಗಿ ಸರಿಯಾಗಿ 32,768 ಗಂಟೆ, ಅಂದರೆ 3 ವರ್ಷ 270 ದಿನ 8 ಗಂಟೆ ಓಡಿದ ಮೇಲೆ ಕೆಟ್ಟುಹೋಗುತ್ತವೆ, ಅವುಗಳ ಡೇಟಾ ಮರಳಿ ಸಿಗುವುದಿಲ್ಲ ಎಂದು ಎಚ್ಚರಿಸಿತು. ಅಂಥ ಎರಡು ಹೊಸ ಡ್ರೈವ್‌ಗಳನ್ನು ಒಂದೇ ದಿನ ಹಾಕಿದ್ದರೆ ಎರಡೂ ಒಂದೇ ಹೊತ್ತಿಗೆ ಸಾಯುತ್ತವೆ. ಕಾರ್ಡ್ ಇದ್ದರೇನು, ಸಾಫ್ಟ್‌ವೇರ್ ಇದ್ದರೇನು! ಆದ್ದರಿಂದ ಬೇರೆ ಬೇರೆ ಕಂಪನಿಯ, ಸಾಧ್ಯವಾಗದಿದ್ದರೆ ಬೇರೆ ಬೇರೆ ಬ್ಯಾಚಿನ ಡ್ರೈವ್‌ಗಳನ್ನು ಕೊಳ್ಳಿ, ಫರ್ಮ್‌ವೇರ್ ಪ್ರಕಟಣೆಗಳನ್ನು ಗಮನಿಸುತ್ತಿರಿ. ಸರ್ವರ್ ಬೂಟ್ ಆಗಲು ಬೇಕಾದ ಇಎಫ್‌ಐ ಪಾರ್ಟಿಶನ್ ಎರಡೂ ಡ್ರೈವ್‌ಗಳಲ್ಲಿರಲಿ. ಕೆಲಸಕ್ಕೆ ಇಳಿಸುವ ಮುನ್ನ ಒಂದೊಂದನ್ನೇ ಕಳಚಿ ಸರ್ವರ್ ಬೂಟ್ ಆಗುತ್ತದೆಯೇ ಎಂದು ನೋಡಿ. ಈ ಪರೀಕ್ಷೆ ಮಾಡದ ಸರ್ವರ್‌ಗೆ ನಾನು ಒಪ್ಪಿಗೆಯ ಸಹಿ ಹಾಕುವುದಿಲ್ಲ.

ಒಂದೇ ಸರ್ವರ್‌ನಲ್ಲಿ ಹಲವು ವರ್ಚುವಲ್ ಯಂತ್ರಗಳನ್ನು ಓಡಿಸುವ ವಿಎಂವೇರ್ ಇಎಸ್‌ಎಕ್ಸ್‌ಐ ಬಳಸುವವರಿಗೆ ಮಾತ್ರ ನನ್ನ ಉತ್ತರ ಬೇರೆ. ಅದರಲ್ಲಿ ಲಿನಕ್ಸ್‌ನಲ್ಲಿರುವಂಥ ಸಾಫ್ಟ್‌ವೇರ್ ರೇಡ್ ಇಲ್ಲದಿರುವುದರಿಂದ, ಒಂಟಿ ಸರ್ವರ್‌ನ ಒಳಗಿನ ಡ್ರೈವ್‌ಗಳಿಗೆ ಕಾರ್ಡ್ ಹಾಕುವುದೇ ಸರಿ. ಹಾಗೆ ಕೊಳ್ಳುವಾಗ ಅದೇ ಮಾದರಿಯ ಇನ್ನೊಂದು ಕಾರ್ಡನ್ನೂ ತಂದು ಬೀರುವಿನಲ್ಲಿಡಿ.

ಪ್ರಶ್ನೆ: ಮದರ್‌ಬೋರ್ಡಿನ ಬಯೋಸ್‌ನಲ್ಲಿಯೇ (ಆರಂಭದ ಸೆಟಪ್‌ನಲ್ಲಿಯೇ) ರೇಡ್ ಆಯ್ಕೆ ಇದೆ. ಅದು ಹಾರ್ಡ್‌ವೇರ್ ರೇಡ್ ಅಲ್ಲವೇ?

ಉತ್ತರ: ಅಲ್ಲ, ಸಾಮಾನ್ಯವಾಗಿ ಅದರ ಕೆಲಸವನ್ನೂ ಪ್ರೊಸೆಸರ್ ಮೇಲೆ ಓಡುವ ಡ್ರೈವರ್ ಮಾಡುತ್ತದೆ, ಲಿನಕ್ಸ್ ಸರ್ವರ್‌ನಲ್ಲಿ ಅದನ್ನು ಮುಟ್ಟಬೇಡಿ.

ಪ್ರಶ್ನೆ: ರೇಡ್ ಕಾರ್ಡಿನ ಮೇಲೆ, ತಾನೇ ಡೇಟಾ ರಕ್ಷಿಸುವ ಫೈಲ್ ಸಿಸ್ಟಂ ಆದ ಝಡ್‌ಎಫ್‌ಎಸ್ ಹಾಕಿದರೆ ಇಮ್ಮಡಿ ರಕ್ಷಣೆ ಸಿಗುತ್ತದೆಯೇ?

ಉತ್ತರ: ಇಲ್ಲ. ಎರಡು ಡ್ರೈವ್‌ಗಳನ್ನು ಕಾರ್ಡ್ ಒಂದೇ ಎಂಬಂತೆ ತೋರಿಸುವುದರಿಂದ, ಝಡ್‌ಎಫ್‌ಎಸ್‌ಗೆ ಚೆಕ್‌ಸಮ್ (ಡೇಟಾ ಸರಿಯಿದೆಯೇ ಎಂದು ತಾಳೆ ನೋಡುವ ಸಂಖ್ಯೆ) ನೋಡಿ ದೋಷವನ್ನು ಗುರುತಿಸಲು ಬರುತ್ತದೆಯೇ ಹೊರತು, ಸರಿಯಾದ ಪ್ರತಿಯನ್ನು ತಂದು ತಿದ್ದಲು ಬರುವುದಿಲ್ಲ.

ಪ್ರಶ್ನೆ: ರೇಡ್ ಇರುವಾಗ ಬ್ಯಾಕಪ್ ಏಕೆ?

ಉತ್ತರ: ತಪ್ಪಾಗಿ ಅಳಿಸಿದ ಕಡತವನ್ನು ರೇಡ್ ಎರಡೂ ಡ್ರೈವ್‌ಗಳಿಂದ ಅಳಿಸುತ್ತದೆ.

ಪ್ರಶ್ನೆ: ನಮ್ಮ ರೇಡ್ 5 (ಡೇಟಾ ಮತ್ತು ಪ್ಯಾರಿಟಿಯನ್ನು ಹಲವು ಡ್ರೈವ್‌ಗಳಲ್ಲಿ ಹಂಚಿಡುವ ಜೋಡಣೆ) ಒಡೆದಿದೆ. ಮತ್ತೆ ಹೊಸದಾಗಿ ಕ್ರಿಯೇಟ್ ಮಾಡಿದರೆ ಡೇಟಾ ತಾನಾಗಿಯೇ ಬರುತ್ತದೆ ಎಂದು ರಿಪೇರಿಯವರೊಬ್ಬರು ಹೇಳುತ್ತಿದ್ದಾರೆ.

ಉತ್ತರ: ದಯವಿಟ್ಟು ಅವರ ಕೈಗೆ ಸರ್ವರ್ ಕೊಡಬೇಡಿ. ಡ್ರೈವ್‌ಗಳ ಕ್ರಮ ಅಥವಾ ಚಂಕ್ (ಡೇಟಾ ಹಂಚುವ ತುಂಡು) ಅಳತೆ ತಪ್ಪಿದ್ದಾಗ ಹೀಗೆ ಮಾಡಿದರೆ, ಆಮೇಲೆ ನಡೆಯುವ ರೀಬಿಲ್ಡ್ (ಮರುನಿರ್ಮಾಣ) ಉಳಿದಿದ್ದ ಡೇಟಾವನ್ನೂ ಅಳಿಸಿ ಬರೆಯುತ್ತದೆ. ಸರ್ವರ್ ಆರಿಸಿ, ಯಾವ ಡ್ರೈವ್ ಯಾವ ಜಾಗದಲ್ಲಿತ್ತೆಂದು ಬರೆದಿಟ್ಟುಕೊಳ್ಳಿ. ಪ್ರತಿಯೊಂದು ಡ್ರೈವಿನ ಪೂರ್ಣ ನಕಲನ್ನು ತೆಗೆದು, ಏನೇ ಪ್ರಯತ್ನವಿದ್ದರೂ ಆ ನಕಲುಗಳ ಮೇಲೆಯೇ ಮಾಡಿಸಿ.